ಕೂವೆಮಲೆ ಸೀಮೆ: ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ

ನಾವು ಒಟ್ಟಿಗೆ ಕಥೆ ಬರೆಯುವ ಈ ಕಲ್ಪನೆಯ ಸೀಮೆಗೆ ಹೊಸಬರು ಬಂದಾಗೆಲ್ಲ ಅದೇ ಪ್ರಶ್ನೆ, ನಾನು ಅದನ್ನೇ ಟೈಪ್ ಮಾಡಿ ಮಾಡಿ ಸಾಕಾಯ್ತು. ಅದಕ್ಕೆ ಒಂದೇ ಕಡೆ ಬರೆದು ಇಡ್ತಿದ್ದೇನೆ. ಇನ್ನು ಯಾರು ಕೇಳಿದ್ರೂ ಇದನ್ನೇ ಕಳಿಸೋದು.

ಪ್ರ: ಕೂವೆಮಲೆ ಅಂತ ನಿಜವಾಗಿ ಉಂಟಾ ಸಾರ್?

ಇಲ್ಲ. ಮ್ಯಾಪಲ್ಲಿ ಹುಡುಕ್ಬೇಡಿ. ಕಾಸರಗೋಡಿನ ಮುಳ್ಳೇರಿಯ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ನಾನು ಸಮಾಜ ಪಾಠ ಮಾಡ್ತಿದ್ದೆ, ಏಳನೇ ಕ್ಲಾಸಿನ ಮಕ್ಕಳಿಗೆ ಸಮೋನ್ನತ ರೇಖೆ (ಮ್ಯಾಪಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಅಂದ್ರೆ ಎಂತ ಅಂತ ಎಷ್ಟು ಹೇಳಿದ್ರೂ ತಲೆಗೆ ಹೋಗ್ತಿರ್ಲಿಲ್ಲ, ಬುಕ್ಕಲ್ಲಿದ್ದ ಚಿತ್ರ ನೋಡಿ ಒಬ್ಬ "ಇದು ನೀರುಳ್ಳಿ ಕೊಯ್ದದ್ದಾ ಸಾರ್" ಅಂತ ಕೇಳಿದ. ಸರಿ ಅಂತ ಹಳೇ ಕ್ಯಾಲೆಂಡರ್ ಶೀಟಿನ ಹಿಂಬದಿಗೆ ನಾನೇ ಒಂದು ಗುಡ್ಡೆ ಬಿಡಿಸಿದೆ, ಹೊಳೆ ಹಾಕಿದೆ, ಮಕ್ಕಳು ಊರು ಹಾಕಿದ್ರು, ಒಬ್ಬಳು ರಾಣಿಯನ್ನು ತಂದ್ಳು, ಇನ್ನೊಬ್ಬ ಮಾರನೇ ದಿನವೇ ಅವಳ ಮೇಲೆ ಯುದ್ಧ ಸಾರಿದ. ಆ ಮಕ್ಕಳು ಈಗ ಮಂಗಳೂರು, ಬೆಂಗಳೂರು, ದುಬೈ ಅಂತ ಚದರಿ ಹೋಗಿದ್ದಾರೆ, ಆದ್ರೂ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿ "ಘಾಟಿಯಲ್ಲಿ ಒಂದು ಎತ್ತಿನ ಹೇರಿಗೆ ಸುಂಕ ಎಷ್ಟು ಇಡುವ ಸಾರ್" ಅಂತ ಕೇಳ್ತಾರೆ. ಕಥೆ ಬರೆಯೋರು ಅವರೇ, ನಾನು ಭೂಗೋಳ ತಪ್ಪಾದ್ರೆ ಮಾತ್ರ ಬಾಯಿ ಹಾಕೋದು.

ಪ್ರ: ಆ ಹೆಸರು ಎಲ್ಲಿಂದ ಬಂತು?

ಕೂವೆ ಗಡ್ಡೆಯಿಂದ. ಮಕ್ಕಳಿಗೆ ಹೊಟ್ಟೆ ಸರಿ ಇಲ್ಲದಾಗ ಕೂವೆ ಹಿಟ್ಟು ಕಾಯಿಸಿ ಕೊಡ್ತಾರಲ್ಲ, ಅದೇ. ಕಾಸರಗೋಡಿಗೆ ಕಾಸರಕ ಮರದಿಂದ ಹೆಸರು ಬಂತು ಅಂತ ಒಂದು ವಾದ ಉಂಟು, 2023ರಲ್ಲಿ ಅದನ್ನೇ ಜಿಲ್ಲೆಯ ಮರ ಅಂತ ಘೋಷಣೆ ಕೂಡ ಮಾಡಿದ್ರು. ನಮ್ಮ ಗುಡ್ಡೆಗೂ ಒಂದು ಗಿಡದ ಹೆಸರು ಇರ್ಲಿ ಅಂತ ಮಕ್ಕಳು ಹಠ ಮಾಡಿದ್ರು, ಆ ದಿನ ಮಧ್ಯಾಹ್ನ ಒಬ್ಬನ ಬುತ್ತಿಯಲ್ಲಿ ಕೂವೆ ಹಲ್ವ ಇತ್ತು. ಅಷ್ಟೇ ಇತಿಹಾಸ.

ಪ್ರ: ಎಲ್ಲಿದೆ, ಎಷ್ಟು ದೊಡ್ಡದು, ಸುತ್ತ ಯಾರಿದ್ದಾರೆ?

ಉತ್ತರ ದಕ್ಷಿಣ ಉದ್ದ, ಪೂರ್ವ ಪಶ್ಚಿಮ ಸಪೂರ, ಬಾಳೆಲೆ ಅರ್ಧ ಮಡಿಸಿ ಇಟ್ಟ ಹಾಗೆ. ಪಡುವಣ ಕಡೆ ಕಡಲಸೀಮೆ, ಅವರಿಗೆ ಬಂದರು ಉಂಟು, ಉಪ್ಪು ಉಂಟು. ಮೂಡಣ ಕಡೆ ಬಯಲು, ಅವರಿಗೆ ಕುದುರೆ, ರಾಗಿ, ಸೈನ್ಯ. ತೆಂಕಣ ಕಡೆಯವರು ದೊಡ್ಡ ವ್ಯಾಪಾರಿಗಳು. ಅತಿ ಎತ್ತರದ ಕುಪ್ಪೆ 1,400 ಮೀಟರ್ ಅಂತ ನಾವು ಇಟ್ಟುಕೊಂಡದ್ದು, ಅದಕ್ಕಿಂತ ಮೇಲೆ ಏರಿಸ್ಬೇಡಿ, ಹಿಮ ಬೀಳ್ಲಿಕ್ಕೆ ಇದು ಹಿಮಾಲಯ ಅಲ್ಲ. ಇಡೀ ಗುಡ್ಡೆಸಾಲಲ್ಲಿ ಎತ್ತು ಹೋಗುವ ಒಂದೇ ಸಂದು ಇರೋದು, ಅದರ ಹೆಸರು ಎತ್ತಿನಗಂಡಿ. ಇದನ್ನು ನೆನಪಿಟ್ಟುಕೊಳ್ಳಿ, ರಾಜಕೀಯ ಪೂರ್ತಿ ಅಲ್ಲಿಂದಲೇ ಬರೋದು.

ಪ್ರ: ಅಷ್ಟೊಂದು ಮಳೆ ಯಾಕೆ? ಕಾಡು ಇದ್ದದ್ದಕ್ಕೆ ಮಳೆಯಾ?

ಕಾಡಿಂದ ಮಳೆ ಅಂತ ಎಲ್ಲರೂ ಬರೀತಾರೆ, ಕಾಡಿನ ಪಾಲು ಇಲ್ಲಾಂತ ಅಲ್ಲ, ಆದ್ರೆ ಮುಖ್ಯ ಕೆಲಸ ಗುಡ್ಡೆಯದ್ದು. ಜೂನ್‌ನಲ್ಲಿ ಕಡಲಿಂದ ಬರುವ ನೀರು ತುಂಬಿದ ಗಾಳಿಗೆ ಎದುರು ಗೋಡೆ ಸಿಕ್ಕಿದ್ರೆ ಮೇಲೆ ಹತ್ಲೇಬೇಕು, ಒಂದು ಕಿಲೋಮೀಟರ್ ಹತ್ತುವಾಗ ಸುಮಾರು 6 ಡಿಗ್ರಿ ತಂಪಾಗ್ತದೆ, ತಂಪಾದ ಗಾಳಿಗೆ ಅಷ್ಟು ನೀರು ಹೊರ್ಲಿಕ್ಕೆ ಆಗೋದಿಲ್ಲ, ಅಲ್ಲೇ ಸುರಿದು ಬಿಡ್ತದೆ. ಹಾಗಾಗಿ ಪಡುವಣ ಮುಖದಲ್ಲಿ ಧಾರಾಕಾರ, ಬೆನ್ನು ದಾಟಿದ ಮೇಲೆ ಬರೀ ಮೋಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟ್ತದೆ, ಮೈಸೂರಲ್ಲಿ ಸುಮಾರು 800, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 3,000ಕ್ಕೂ ಮೇಲೆ. ಕೂವೆಮಲೆಗೂ ಇದೇ ಲೆಕ್ಕ. ಪಡು ಇಳಿಜಾರಲ್ಲಿ ರಾಮಪತ್ರೆ, ಧೂಪದ ಮರ, ಬೆತ್ತದ ಹಿಂಡು, ಉಂಬಳ (ಜಿಗಣೆ), ಇದೆಲ್ಲ ಇರ್ಲಿ. ಮೂಡು ಇಳಿಜಾರಲ್ಲಿ ಬೇಸಿಗೆಗೆ ಎಲೆ ಉದುರುವ ತೇಗ, ಬಿದಿರು ಹಾಕಿ. ಒಬ್ಬರು ಮೂಡು ಬದಿಯ ಪೇಟೆಯಲ್ಲಿ ಮೂರು ತಿಂಗಳು ಜಡಿಮಳೆ ಅಂತ ಬರೆದಿದ್ರು, ಅದನ್ನು ತೆಗೆಸಿದ್ದೇನೆ, ಬೇಜಾರಾಗಿದ್ರೆ ಕ್ಷಮೆ ಇರ್ಲಿ.

ಪ್ರ: ಇಷ್ಟು ಮಳೆ ಬರುವಲ್ಲಿ ಏಪ್ರಿಲ್‌ಗೆ ಕುಡಿಯೋ ನೀರಿಲ್ಲ ಅಂತ ಬರ್ದಿದ್ದೀರಿ. ತಪ್ಪಲ್ವಾ?

ಬೆಂಗಳೂರಿನವರು ಕೇಳುವ ಪ್ರಶ್ನೆ ಇದು. ನಮ್ಮ ಊರಿನವರು ಇದನ್ನು ಒಮ್ಮೆಯೂ ಕೇಳಿದ್ದಿಲ್ಲ.

ಕೆಳ ಗುಡ್ಡೆಗಳೆಲ್ಲ ಮುರಕಲ್ಲು ಮಾರಾಯ್ರೆ. ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಕಬ್ಬಿಣ. ಇದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ಟದ್ದೇ ಬುಕಾನನ್ ಎಂಬ ಸ್ಕಾಟ್ಲೆಂಡಿನವ, ಮಲಬಾರಿನ ಅಂಗಡಿಪುರಂ ಹತ್ರ ನೋಡಿ, 1807ರಲ್ಲಿ ಬಂದ ಪುಸ್ತಕದಲ್ಲಿ. ಆ ಕಲ್ಲು ಪೂರ್ತಿ ತೂತು ತೂತು, ಮಳೆ ನೀರು ಒಳಗೆ ಹೋಗ್ತದೆ, ಆದ್ರೆ ನಿಲ್ಲೋದಿಲ್ಲ, ಬದಿಯಿಂದ ಜಾರಿ ಹೊಳೆಗೆ, ಹೊಳೆಯಿಂದ ಕಡಲಿಗೆ. ಪದವಿನ ಮೇಲೆ, ಅಂದ್ರೆ ಗುಡ್ಡೆ ತಲೆಯ ಚಪ್ಪಟೆ ಬಯಲಲ್ಲಿ, ಜುಲೈಯಲ್ಲಿ ನೀಲಿ ಹೂವಿನ ಹಾಸಿಗೆ, ಮಾರ್ಚ್‌ನಲ್ಲಿ ಅದೇ ಜಾಗದಲ್ಲಿ ಬರಿಗಾಲಲ್ಲಿ ನಡೆದ್ರೆ ಕಾಲು ಸುಟ್ಟು ಹೋಗ್ತದೆ.

ಹಾಗಾಗಿ ನಮ್ಮ ಹಿರಿಯರು ಬಾವಿ ಕೆಳಗೆ ತೋಡುವ ಬದ್ಲು ಗುಡ್ಡೆಗೇ ಅಡ್ಡ ತೋಡಿದ್ರು, ಅದೇ ಸುರಂಗ. ನಮ್ಮ ಅಜ್ಜನ ಮನೆಯ ಹಿಂದೆ ಒಂದು ಉಂಟು. ಒಬ್ಬ ಬಗ್ಗಿಕೊಂಡು ಹೋಗುವಷ್ಟೇ ಅಗಲ, ಉದ್ದ ಅಳೆಯೋದು ಕೋಲಿನ ಲೆಕ್ಕದಲ್ಲಿ, ಮೀಟರ್ ಅಂದ್ರೆ ಸುರಂಗ ತೆಗೆಯುವವರು ನಗಾಡ್ತಾರೆ. ಒಳಗೆ ಹೋಗುವಾಗ ಮುಂದೆ ಚಿಮಿಣಿ ದೀಪ ಹಿಡಿಯೋದು, ಬೆಳಕಿಗೆ ಮಾತ್ರ ಅಲ್ಲ, ದೀಪ ಸಣ್ಣ ಆಯ್ತಂದ್ರೆ ಗಾಳಿ ಇಲ್ಲ, ತಿರುಗಿ ಬಾ ಅಂತ ಅರ್ಥ. ಬಾವಲಿಯ ನಾತ, ಕಾಲಡಿಯಲ್ಲಿ ಪಾದ ಮುಳುಗುವಷ್ಟು ತಣ್ಣನೆ ನೀರು, ಕೊನೆಯ ಗೋಡೆಯಲ್ಲಿ ಬೆರಳು ಇಟ್ರೆ ಬೆರಳಿನ ಸುತ್ತ ನೀರು ಒಸರ್ತದೆ. ಆ ಒಸರು ಬಾಳೆ ದಂಬೆಯಲ್ಲಿ ಹರಿದು ಕೆರೆಗೆ, ಕೆರೆಯಿಂದ ಅಡಿಕೆ ತೋಟಕ್ಕೆ. ಪಂಪೂ ಇಲ್ಲ, ಕರೆಂಟೂ ಇಲ್ಲ.

ಕೂವೆಮಲೆಯ ಏಳು ಮಾಗಣೆಯಲ್ಲೂ (ಮಾಗಣೆ ಅಂದ್ರೆ ಕೆಲವು ಊರುಗಳ ಗುಂಪು) ಸುರಂಗ ಉಂಟು ಅಂತ ಬರ್ದದ್ದು ಇದಕ್ಕೇ. ಸೈನ್ಯ ಬಂದ್ರೆ ಹೊಳೆಯಲ್ಲಿ ಅಣೆಕಟ್ಟು ಹಾಕಿ ನೀರು ನಿಲ್ಲಿಸ್ಬಹುದು, ಮನೆ ಮನೆಯ ಹಿಂದೆ ಇರುವ ಸುರಂಗವನ್ನು ಯಾವ ರಾಜ ಹುಡುಕಿಕೊಂಡು ಹೋಗ್ತಾನೆ ಹೇಳಿ.

ಪ್ರ: ಮ್ಯಾಪಿನ ನೈರುತ್ಯ ಮೂಲೆಯಲ್ಲಿರುವ ಕೆಂಪು ಕೆರೆಯ ರಹಸ್ಯ ಎಂತದು?

ಪುನರ್ಪುಳಿ ಶರಬತ್ತು ಚೆಲ್ಲಿದ್ದು. ಚೆಲ್ಲಿದವಳು ಈಗ ಒಂದು ಬ್ಯಾಂಕಲ್ಲಿ ಕೆಲಸದಲ್ಲಿದ್ದಾಳೆ, ಹೆಸರು ಹೇಳೋದಿಲ್ಲ. ಆದ್ರೆ ಕೆರೆ ಇರ್ಲಿ ಅಂತ ಎಲ್ಲರೂ ಓಟು ಹಾಕಿದ್ದರಿಂದ ಅದು ಈಗ ಅಧಿಕೃತವಾಗಿ ಕೆಂಪು ಮಣ್ಣಿನ ಮದಕ.

ಪ್ರ: ಅಷ್ಟು ಸಣ್ಣ ಗುಡ್ಡೆಸೀಮೆಗೆ ಮೂರು ಕಡೆಯವರೂ ಯಾಕೆ ಕಚ್ಚಾಡ್ತಾರೆ? ಚಿನ್ನ ಸಿಗ್ತದಾ?

ಚಿನ್ನ ಇಲ್ಲ, ಮತ್ತೆ ದಯವಿಟ್ಟು ಹಾಕ್ಬೇಡಿ. ಚಿನ್ನ ಬಂದ ಕೂಡ್ಲೇ ಕಥೆ ಹಾಳು, ಯಾಕಂದ್ರೆ ಆಮೇಲೆ ಎಲ್ಲದಕ್ಕೂ ಕಾರಣ ಚಿನ್ನವೇ ಆಗಿ ಬಿಡ್ತದೆ.

ಮೊದಲ್ನೇದು ದಾರಿ. ಎತ್ತಿನಗಂಡಿ ಬಿಟ್ರೆ ಕಡಲಿಗೂ ಬಯಲಿಗೂ ಬೇರೆ ದಾರಿ ಇಲ್ಲ. ಕೆಳಗಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೆ ಹೋಗ್ಬೇಕು, ಮೇಲಿಂದ ಒಳ್ಳೆಮೆಣಸು, ಏಲಕ್ಕಿ, ಜೇನು, ಮೇಣ ಕೆಳಗೆ ಇಳೀಬೇಕು. ಇದರಲ್ಲಿ ಮೆಣಸಿಗೆ ಎಲ್ಲರೂ ಬಾಯಿ ಬಿಡ್ತಾರೆ, ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದದ್ದು ಸುಮ್ಮನೆ ಅಲ್ಲ. ಆದ್ರೆ ನನ್ನನ್ನು ಕೇಳಿದ್ರೆ ಮೆಣಸಿಗಿಂತ ಉಪ್ಪು ದೊಡ್ಡದು. ಮೆಣಸು ಮಾರದೆ ಒಂದು ವರ್ಷ ಬದುಕ್ಬಹುದು, ಉಪ್ಪಿಲ್ಲದೆ ಗುಡ್ಡೆಯವರು ಒಂದು ಮಳೆಗಾಲ ಕಳೆಯೋದು ಕಷ್ಟ, ಹಲಸಿನ ಸೊಳೆ ಉಪ್ಪಿಗೆ ಹಾಕ್ಬೇಕು, ಮಾವಿನಮಿಡಿ ಹಾಕ್ಬೇಕು, ದನಕ್ಕೆ ಬೇಕು. ಕಂಪನಿ ಸರಕಾರ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವನ್ನು ತನ್ನ ಕೈಯಲ್ಲೇ ಇಟ್ಟುಕೊಂಡದ್ದು ಯಾಕೆ ಅಂತ ಯೋಚನೆ ಮಾಡಿ. ನಮ್ಮ ಕಥೆಯಲ್ಲೂ ಕಡಲಸೀಮೆಯವರು ಒಂದು ಬಾಣ ಬಿಡದೆ ಕೂವೆಮಲೆಯನ್ನು ಬಗ್ಗಿಸಿದ್ದು ಉಪ್ಪಿನ ಎತ್ತುಗಳನ್ನು ಗಂಡಿಯ ಬುಡದಲ್ಲಿ ನಿಲ್ಲಿಸಿ.

ಎರಡನೇದು ನೀರು. ಗುಡ್ಡೆಯ ಬೆನ್ನಲ್ಲಿ ಬಿದ್ದ ಒಂದೇ ಮಳೆ ಎರಡು ಪಾಲಾಗ್ತದೆ. ಪಡುವಣಕ್ಕೆ ಬಿದ್ದದ್ದು ಎರಡು ದಿನದಲ್ಲಿ ಕಡಲು ಸೇರ್ತದೆ, ಮೂಡಣಕ್ಕೆ ಬಿದ್ದದ್ದು ತಿಂಗಳುಗಟ್ಟಲೆ ಬಯಲು ಸುತ್ತುತ್ತದೆ, ನಾಲ್ಕು ಊರಿನ ಗದ್ದೆ ಕುಡೀತದೆ. ತಲಕಾವೇರಿ ನೋಡಿ, ಅಲ್ಲಿಂದ ನೇರ ಗೆರೆ ಎಳೆದ್ರೆ ಬೇಕಲದ ಹತ್ರ ಅರಬ್ಬೀ ಕಡಲಿಗೆ ಸುಮಾರು 50 ಕಿಲೋಮೀಟರ್. ಆದ್ರೆ ಕಾವೇರಿ ಆ ಕಡೆ ತಿರುಗಿಯೂ ನೋಡದೆ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಗೆ ಹೋಗ್ತಾಳೆ. ಅವಳು ಹಾಗೆ ತಿರುಗಿದ್ದಕ್ಕೇ 1990ರಲ್ಲಿ ಟ್ರಿಬ್ಯೂನಲ್ ಆದದ್ದು, 2007ರಲ್ಲಿ ತೀರ್ಪು, ಮತ್ತೆ 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿಎಂಸಿ ಅಂತ ದಶಮಾಂಶ ಹಾಕಿ ಹೇಳಿದ್ದು. ಕೂವೆಮಲೆಯಲ್ಲಿ ಮೂಡುಹೊಳೆ ಹುಟ್ಟುವ ಜಾಗ ಒಂದು ತೆಂಗಿನ ತೋಟದಷ್ಟೂ ಇಲ್ಲ, ಆದ್ರೆ ಬಯಲಿನ ರಾಜರು ಪಟ್ಟಕ್ಕೆ ಬಂದ ಕೂಡ್ಲೇ ಮೊದಲು ಅಲ್ಲಿಗೆ ಬಂದು ಪೂಜೆ ಮಾಡಿಸ್ಬೇಕು ಅಂತ ಇಟ್ಟದ್ದು ಇದಕ್ಕೆ. ಪೂಜೆಯ ಹೆಸರಲ್ಲಿ ನೂರು ಸಿಪಾಯಿಗಳೂ ಬರ್ತಾರೆ, ಅವರು ವಾಪಸ್ ಹೋಗೋದು ನಿಧಾನ.

ಮೂರನೇ ಕಾರಣ ಮರ, ಆನೆ. ಹಡಗಿಗೆ ಮರ, ಸೈನ್ಯಕ್ಕೆ ಆನೆ. ಇದನ್ನು ಎಲ್ಲರೂ ಚೆನ್ನಾಗಿಯೇ ಬರೀತಿದ್ದೀರಿ, ನಾನು ಹೇಳೋದೇನಿಲ್ಲ.

ಪ್ರ: ಗಡಿ ಎಲ್ಲಿ ಹಾಕೋದು? ಹೊಳೆಯಲ್ಲಾ, ಗುಡ್ಡೆಯ ಬೆನ್ನಲ್ಲಾ?

ಇದಕ್ಕೇ ಜಾಸ್ತಿ ಗಲಾಟೆ ಆದದ್ದು, ಇಬ್ಬರು ಮಾತು ಬಿಟ್ಟಿದ್ದಾರೆ ಕೂಡ.

ಹೊಳೆ ಗಡಿ ಮ್ಯಾಪ್ ಬಿಡಿಸುವವನಿಗೆ ಸುಲಭ, ನೀಲಿ ಗೆರೆ ಮೊದಲೇ ಉಂಟು, ಅದರ ಮೇಲೆ ಕಪ್ಪು ಗೆರೆ ಎಳೆದ್ರೆ ಆಯ್ತು. ಆದ್ರೆ ಹೊಳೆ ಬದಿಯಲ್ಲಿ ಬದುಕಿದವರಿಗೆ ಗೊತ್ತು, ಈಚೆ ದಡದವರ ಗದ್ದೆ ಆಚೆ ದಡದಲ್ಲಿ, ಆಚೆಯವರ ದೈವಸ್ಥಾನ ಈಚೆ, ಹೆಣ್ಣು ಕೊಟ್ಟು ತಂದದ್ದೆಲ್ಲ ದೋಣಿಯಲ್ಲಿ. ಹೊಳೆ ಅಂದ್ರೆ ಎರಡೂ ಕಡೆಯ ನೀರು ಬಂದು ಸೇರುವ ಜಾಗ, ಜನವೂ ಹಾಗೇ ಸೇರ್ತಾರೆ. ಗುಡ್ಡೆಯ ಬೆನ್ನು ಹಾಗಲ್ಲ. ಅಲ್ಲಿ ಮಳೆಯೇ ಬೇರೆ ಬೇರೆ ದಾರಿ ಹಿಡೀತದೆ, ಆಚೆ ಇಳಿದವನ ಸಂತೆ ಬೇರೆ, ಈಚೆ ಇಳಿದವನ ಸಂತೆ ಬೇರೆ. ಗಡಿ ಬೇಕೇ ಬೇಕು ಅಂತಿದ್ರೆ ಬೆನ್ನಲ್ಲಿ ಹಾಕಿ ಅಂತ ನನ್ನ ವಾದ. ಕೂವೆಮಲೆಯ ಮೂರು ನೆರೆಯವರೂ ಹೊಳೆಯನ್ನೇ ಕೇಳ್ತಾರೆ, ಅದಕ್ಕೇ ಅಲ್ಲಿ ಯಾವ ಒಪ್ಪಂದವೂ ಎರಡು ಮಳೆಗಾಲ ದಾಟಿದ್ದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳೋದಲ್ಲ. ನಮ್ಮ ಪಯಸ್ವಿನಿ ಕೊಡಗಿನ ಪಟ್ಟಿಘಾಟ್ ಕಾಡಲ್ಲಿ ಹುಟ್ಟಿ, ಸುಳ್ಯ ದಾಟಿ, ಚಂದ್ರಗಿರಿಯಾಗಿ ಕಾಸರಗೋಡಲ್ಲಿ ಕಡಲಿಗೆ ಬೀಳ್ತದೆ. ಹಿಂದಿಂದಲೂ ತುಳುನಾಡು ಅಲ್ಲಿಗೆ ಮುಗೀತದೆ ಅಂತ ಒಂದು ಮಾತು ಉಂಟು. 1956 ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ತೆಗೆದು ಕೇರಳಕ್ಕೆ ಹಾಕಿದ್ರು, ಅದಕ್ಕೆ ರಾಜ್ಯ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗದ ಶಿಫಾರಸು ಇತ್ತು. ಮತ್ತೆ ಗಲಾಟೆಯಾಗಿ 1966ರಲ್ಲಿ ಮಹಾಜನ್ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು, ಚಂದ್ರಗಿರಿ, ಪಯಸ್ವಿನಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ. ಜಾರಿಯಾಗ್ಲಿಲ್ಲ. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡ್ರು, ಅವರ ಕಣ್ಣ ಮುಂದೆ ಅದು ಆಗ್ಲಿಲ್ಲ. ಆ ವರದಿ ಜಾರಿಯಾಗ್ಬೇಕು ಅಂತ ನಮ್ಮಪ್ಪನೂ ಕೊನೆವರೆಗೆ ಹೇಳ್ತಿದ್ರು, ಮೆರವಣಿಗೆಯಲ್ಲಿ ಅವರ ಹೆಗಲ ಮೇಲೆ ಕೂತು ನಾನೂ ಹೋಗಿದ್ದೇನೆ. ಆದ್ರೆ ನಮ್ಮ ಅತ್ತೆಯನ್ನು ಕೊಟ್ಟದ್ದು ಹೊಳೆಯ ತೆಂಕು ಬದಿಗೆ. ಅಪ್ಪ ಮಹಾಜನ್ ವರದಿ ಅಂತ ಶುರು ಮಾಡಿದಾಗೆಲ್ಲ ಅತ್ತೆ ಚಹಾ ಗ್ಲಾಸು ಕುಕ್ಕಿ ಇಟ್ಟು "ಹಾಗಾದ್ರೆ ನಾನು ಯಾರ ಪೈಕಿ ಅಣ್ಣ" ಅಂತ ಕೇಳೋದು, ಅಪ್ಪನಿಗೆ ಉತ್ತರ ಇರ್ಲಿಲ್ಲ. ನನಗೂ ಇಲ್ಲ.

ಪ್ರ: ಅಂದ್ರೆ ಕೂವೆಮಲೆ ಅಂದ್ರೆ ಕಾಸರಗೋಡೇ, ಹೆಸರು ಬದಲಾಯಿಸಿದ್ದೀರಿ ಅಷ್ಟೇ?

ಅಲ್ಲ. ಹಾಗೆ ಓದಿದ್ರೆ ಮಜಾ ಹೋಗ್ತದೆ. ಭೂಗೋಳ ನಮ್ಮದೇ, ರಾಜಕೀಯದಲ್ಲಿ ಅರ್ಧ ಕೊಡಗಿಂದ ತಂದದ್ದು. ಕೊಡಗಿನ ರಾಜರ ಕೈಯಲ್ಲಿ ಘಟ್ಟದ ಮೇಲಿನ ನಾಡು ಮಾತ್ರ ಅಲ್ಲ, ಕೆಳಗಿನ ಅಮರ ಸುಳ್ಯದ ಕಡೆಯೂ ಇತ್ತು. 1834ರಲ್ಲಿ ಬ್ರಿಟಿಷರು ಕೊಡಗು ತೆಗೊಂಡ ಮೇಲೆ ಕೆಳಗಿನ ತುಂಡನ್ನು ಕೆನರಾಕ್ಕೆ ಸೇರಿಸಿದ್ರು. ಅಷ್ಟರವರೆಗೆ ಕಂದಾಯವನ್ನು ಬೆಳೆಯಲ್ಲಿ ಕೊಡ್ತಿದ್ದವರು ಇನ್ನು ರೊಕ್ಕದಲ್ಲಿ ಕೊಡ್ಬೇಕು ಅಂತಾಯ್ತು. ರೊಕ್ಕ ಎಲ್ಲಿಂದ ತರೋದು? 1837ರ ಏಪ್ರಿಲ್‌ನಲ್ಲಿ ಸುಳ್ಯದಿಂದ ಹೊರಟವರು ಮಂಗಳೂರಿಗೇ ಇಳಿದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ರು, ಕೆಲವು ದಿನ ಊರು ಅವರ ಕೈಯಲ್ಲೇ ಇತ್ತು. ಗುಡ್ಡೆಯವರು ಪೇಟೆಗೆ ಇಳಿಯುವ ಕಥೆ ನಮ್ಮಲ್ಲಿ ಬಂದದ್ದು ಈ ದಂಗೆ ನೋಡಿಯೇ. ನಮ್ಮ ರಾಣಿ ಕಂದಾಯವನ್ನು ಮೆಣಸಲ್ಲಿ ತೆಗೊಳ್ತಾಳೆ, ಬಯಲಿನವರು ನಾಣ್ಯ ಕೇಳ್ತಾರೆ. ಸಣ್ಣ ವಿಷಯದ ಹಾಗೆ ಕಾಣ್ತದೆ, ಜಗಳ ಶುರುವಾಗೋದು ಅಲ್ಲಿಂದ.

ಪ್ರ: ಅಲ್ಲಿ ಯಾರಿದ್ದಾರೆ, ಯಾವ ಭಾಷೆ?

ಒಂದೇ ಭಾಷೆ ಅಂತ ಬರೆದ್ರೆ ನಾನು ಒಪ್ಪೋದಿಲ್ಲ. ಕಾಸರಗೋಡನ್ನು ಸಪ್ತಭಾಷೆಯ ನಾಡು ಅಂತ ಭಾಷಣದಲ್ಲೆಲ್ಲ ಹೇಳ್ತಾರೆ, ಭಾಷಣ ಬಿಡಿ, ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಹತ್ತು ನಿಮಿಷ ಕೂತ್ರೆ ಸಾಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಲ್ಲಿ ಮಲಯಾಳ, ಅಡಿಕೆ ಅಂಗಡಿಯಲ್ಲಿ ಬ್ಯಾರಿ, ಒಂದೇ ಮನುಷ್ಯ ಒಂದೇ ದಿನದಲ್ಲಿ. ಗುಡ್ಡೆಯ ಮೇಲೆ ಮೊದಲಿಂದ ಇದ್ದವರು ಯಾರು ಅಂತ ಕೇಳಿದ್ರೆ ರಾಜರೂ ಅಲ್ಲ, ತೋಟದವರೂ ಅಲ್ಲ. ನಮ್ಮ ಕಡೆ ಕೊರಗರು, ಮಾವಿಲರು, ಮಲವೇಟ್ಟುವರು ಇದ್ದ ಹಾಗೆ ಅಲ್ಲಿಯೂ ಕಾಡಲ್ಲಿ ಕುಮರಿ ಕಡಿದು, ಅಂದ್ರೆ ಒಂದು ತುಂಡು ಕಾಡು ಕಡಿದು ಸುಟ್ಟು, ಬೆಳೆ ತೆಗೆದವರು ಇದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಕುಮರಿಗೆ ಕಡಿವಾಣ ಹಾಕಿ ಕಾಡು ಸರಕಾರದ್ದು ಅಂದ್ರು, ಜಮೀನಿದ್ದವರಿಗೆ ಮಾತ್ರ ಗದ್ದೆಯಿಂದ 100 ಗಜದವರೆಗೆ ಕುಮ್ಕಿ ಅಂತ ಸೊಪ್ಪು ಸೌದೆಯ ಹಕ್ಕು ಉಳೀತು. ಜಮೀನೇ ಇಲ್ಲದವನಿಗೆ ಕುಮ್ಕಿ ಎಲ್ಲಿಂದ? ಕಥೆಯಲ್ಲಿ ರಾಣಿಯನ್ನು ತುಂಬ ಒಳ್ಳೆಯವಳು ಮಾಡ್ಬೇಡಿ ಅಂತ ನಾನು ಹೇಳ್ತಾ ಇರೋದು ಇದಕ್ಕೇ, ಅವಳ ಏಲಕ್ಕಿ ಮಲೆ ಮೊದಲು ಯಾರದ್ದಾಗಿತ್ತು ಅಂತ ಯಾರಾದ್ರೂ ಬರೀಬೇಕು.

ಪ್ರ: ಒಂದೊಂದು ಊರಿಗೆ ಮೂರು ಮೂರು ಹೆಸರು ಯಾಕೆ? ಕನ್‌ಫ್ಯೂಸ್ ಆಗ್ತದೆ.

ಆಗ್ಲಿ. ನಾವು ಕುಂಬಳೆ ಅಂದ್ರೆ ಬೋರ್ಡು ಕುಂಬಳ ಅಂತದೆ, ಮಂಜೇಶ್ವರಕ್ಕೆ ಕೊನೆಯಲ್ಲಿ ಒಂದು ಸೊನ್ನೆ ಬಿದ್ದು ಮಂಜೇಶ್ವರಂ. ನನ್ನ ಮಗಳು ಸಣ್ಣವಳಿದ್ದಾಗ ಬಸ್ಸಿನ ಬೋರ್ಡು ಓದ್ಲಿಕ್ಕೆ ಬಾರದೆ ಬಸ್ಸಿನ ಬಣ್ಣ ನೋಡಿ ಹತ್ತುತ್ತಿದ್ಳು, ಒಂದು ದಿನ ಬಣ್ಣ ಬದಲಾಗಿ ಬೇರೆ ಊರಲ್ಲಿ ಇಳಿದು ಅಳ್ತಾ ಕೂತಿದ್ಳು. ಕೂವೆಮಲೆಯಲ್ಲಿ ಸುಂಕದ ಕಟ್ಟೆಯವನು ಯಾವ ಹೆಸರು ಬರೀತಾನೋ ಅದೇ ಆ ವರ್ಷದ ಹೆಸರು. ಯಾರ ಆಳ್ವಿಕೆ ನಡೀತಾ ಉಂಟು ಅಂತ ತಿಳಿಯೋದಕ್ಕೆ ಬಾವುಟ ನೋಡೋದೇ ಬೇಡ, ರಶೀದಿ ನೋಡಿದ್ರೆ ಸಾಕು.

ಪ್ರ: ಡ್ಯಾಮ್ ಕಟ್ಬಹುದಾ? ರೈಲು ತರ್ಬಹುದಾ? ರಾಜಧಾನಿ ಯಾವುದು?

ಡ್ಯಾಮ್ ಬೇಡ, ಮುಳುಗುವ ಮಾಗಣೆ ಯಾವುದು ಅಂತ ತೀರ್ಮಾನ ಆಗ್ಲಿಲ್ಲ. ರೈಲು ಖಂಡಿತ ಬೇಡ. ರಾಜಧಾನಿ ಇಲ್ಲ. ಮಳೆಗಾಲದಲ್ಲಿ ರಾಣಿ ಕೆಳಗಿನ ಅರಮನೆಗೆ ಬರ್ತಾಳೆ, ಬೇಸಿಗೆಗೆ ಮೇಲೆ ಹೋಗ್ತಾಳೆ. ಕುಂಬಳೆ ಸೀಮೆಗೆ ಅಡೂರು, ಮಧೂರು, ಕಾವು, ಕಣ್ಯಾರ ಅಂತ ನಾಲ್ಕು ದೇವಸ್ಥಾನ ಇದ್ದ ಹಾಗೆ ಇಲ್ಲಿಯೂ ನಾಲ್ಕು ಗುಡಿ, ಸೀಮೆಯ ವಿಷಯ ತೀರ್ಮಾನ ಆಗೋದು ಅಲ್ಲಿನ ಜಾತ್ರೆಯಲ್ಲಿ.

ಪ್ರ: ಗುಡ್ಡೆ ತಲೆಯ ಗೇರು ತೋಟದ ಕಥೆ ತುಂಬ ಕತ್ತಲೆ ಆಯ್ತು, ತೆಗೀಬಹುದಾ?

ತೆಗೆಯೋದಿಲ್ಲ. ಎಣ್ಮಕಜೆಯ ಪಡ್ರೆ ಕಡೆ ಹೋಗಿದ್ದೀರಾ? 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ರು. ತೋಟ ಎಲ್ಲಿ? ಗುಡ್ಡೆ ತಲೆಯಲ್ಲಿ. ಮನೆ ಎಲ್ಲಿ? ಕಣಿವೆಯಲ್ಲಿ. ನೀರು ಎಲ್ಲಿಂದ? ಅದೇ ಗುಡ್ಡೆಯ ಹೊಟ್ಟೆಯ ಸುರಂಗದಿಂದ, ಬಾಯಿ ತೆರೆದ ಕೆರೆಯಿಂದ. ಮೇಲೆ ಹಾಕಿದ್ದು ಕೆಳಗೆ ಬರ್ಲಿಕ್ಕೆ ಬೇರೆ ದಾರಿ ಬೇಕಾ? 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಗುಡ್ಡೆ ತಲೆ ಯಾರ ಕೈಯಲ್ಲಿ ಉಂಟು ಅನ್ನೋದು ಕೋಟೆ ಕಟ್ಟುವವರಿಗೆ ಮಾತ್ರ ಸಂಬಂಧಿಸಿದ ವಿಷಯ ಅಲ್ಲ. ಆ ಅಧ್ಯಾಯ ಬರೆದ ಹುಡುಗ ಅಲ್ಲಿಯವನೇ, ಒಂದು ಸಾಲೂ ನಾನು ತಿದ್ದಿಲ್ಲ.

ಪ್ರ: ಆನೆ ಹುಲಿ ಎಷ್ಟು ಇರ್ಬೇಕು?

ಹುಲಿ ಕಮ್ಮಿ ಕಾಣ್ಲಿ, ಕಂಡ್ರೆ ಬೆಲೆ ಇಲ್ಲ. ಆನೆ ಮಾತ್ರ ಬರ್ಲಿ, ರಾತ್ರಿ ಬಂದು ಬಾಳೆ ತಿಂದು ಬೆಳಿಗ್ಗೆ ಇನ್ನೊಂದು ರಾಜ್ಯದಲ್ಲಿ ಇರ್ಲಿ. ಕಾರಡ್ಕ, ದೇಲಂಪಾಡಿ, ಮುಳಿಯಾರಿನವರಿಗೆ ಇದು ಕಥೆಯಲ್ಲ, ತೂಗುವ ಸೋಲಾರ್ ಬೇಲಿ ಬಂದದ್ದೂ ಅದಕ್ಕೇ. ಈಚೆಯ ಫಾರೆಸ್ಟಿನವರು ಪಟಾಕಿ ಹೊಡೆದು ಆಚೆ ಓಡಿಸೋದು, ಆಚೆಯವರು ಈಚೆ ಓಡಿಸೋದು, ಆನೆಗೆ ಒಳ್ಳೇ ವ್ಯಾಯಾಮ.

ಪ್ರ: ಕಾಡು ಉಳಿಸುವ ಕಾನೂನು ತಂದ್ರೆ ಜನ ಯಾಕೆ ಗಲಾಟೆ ಮಾಡ್ಬೇಕು? ಅದು ಒಳ್ಳೇದೇ ಅಲ್ವಾ?

ಗಾಡ್ಗೀಳ್ ಸಮಿತಿ 2011ರಲ್ಲಿ ಇಡೀ ಪಶ್ಚಿಮ ಘಟ್ಟವೇ ಸೂಕ್ಷ್ಮ ಅಂತ ಹೇಳಿತು, ಮೂರು ವಲಯ ಮಾಡಿ ತೀರ್ಮಾನ ಗ್ರಾಮಸಭೆಯಲ್ಲಿ ಆಗ್ಲಿ ಅಂತ. ಅದು ಜಾಸ್ತಿಯಾಯ್ತು ಅಂತ 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು, ಘಟ್ಟದ ಸುಮಾರು 37 ಶೇಕಡ, ಹತ್ರ ಹತ್ರ 60,000 ಚದರ ಕಿಲೋಮೀಟರ್ ಮಾತ್ರ ಸೂಕ್ಷ್ಮ ಅಂತ. ಅದಕ್ಕೂ ಕೇರಳದಲ್ಲಿ ಹರತಾಳ, ಕರ್ನಾಟಕದಲ್ಲಿ ವಿರೋಧ. 2024 ಜುಲೈ 30ಕ್ಕೆ ವಯನಾಡಲ್ಲಿ ಗುಡ್ಡೆ ಜಾರಿ ಊರೇ ಹೋಯ್ತು, ಮಾರನೇ ದಿನ ಆ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಬಂತು. ಆರನೇದು! ನನ್ನ ಅಭಿಪ್ರಾಯ ಕೇಳಿದ್ರೆ ಜನಕ್ಕೆ ಕಾಡಿನ ಮೇಲೆ ಸಿಟ್ಟಿಲ್ಲ, ಗೆರೆಯ ಮೇಲೆ ಸಿಟ್ಟು. ಒಮ್ಮೆ ಗೆರೆ ಎಳೆದವರು ಬಂದು ಊರೇ ಬೇರೆ ರಾಜ್ಯಕ್ಕೆ ಹೋದದ್ದನ್ನು ನೋಡಿದವರಿಗೆ ಇನ್ನೊಂದು ಮ್ಯಾಪ್ ತಂದ್ರೆ ಮೊದಲು ಹೆದರಿಕೆಯೇ ಆಗೋದು. ಅದೇ ಹೊತ್ತಿಗೆ ಕಲ್ಲುಕೋರೆಯವನು ಆ ಹೆದರಿಕೆಯ ಹಿಂದೆ ಅಡಗಿ ಕೂರ್ತಾನೆ, ಅದನ್ನೂ ಬರೀರಿ.

ಪ್ರ: ಎತ್ತಿನಗಂಡಿ ಮುಚ್ಚಿದ್ರೆ ಎಂತಾಗ್ತದೆ? ಅಷ್ಟು ದೊಡ್ಡ ವಿಷಯವಾ?

ದಾರಿ ಮುಚ್ಚಿದ್ರೆ ಎಂತಾಗ್ತದೆ ಅಂತ ನಮ್ಮ ಕಡೆಯೇ ಎರಡು ಸಲ ನೋಡಿದ್ದೇನೆ. 2018ರ ಆಗಸ್ಟಲ್ಲಿ ಜೋಡುಪಾಲದ ಕಡೆ ಗುಡ್ಡೆ ಜಾರಿ ಸಂಪಾಜೆ ಘಾಟಿ ಬಂದ್, ಮಡಿಕೇರಿ ಒಮ್ಮೆಗೇ ದೂರದೂರಾಯ್ತು. ಅದು ಮಳೆ ಮಾಡಿದ್ದು.

2020ರ ಮಾರ್ಚಲ್ಲಿ ಮನುಷ್ಯರು ಮಾಡಿದ್ದು. ಕೊರೋನಾ ಅಂತ ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ತಡೆದ್ರು, ಒಳದಾರಿಗಳಿಗೆಲ್ಲ ಟಿಪ್ಪರಲ್ಲಿ ಮಣ್ಣು ತಂದು ಸುರಿದ್ರು. ನಮಗೆ ಹುಷಾರಿಲ್ಲದಿದ್ರೆ ಮಂಗಳೂರು, ಅಜ್ಜನ ಕಾಲದಿಂದಲೂ ಹಾಗೇ, ಬೇರೆ ಕಡೆ ಹೋಗಿ ಅಭ್ಯಾಸವೇ ಇಲ್ಲ. ಆಸ್ಪತ್ರೆಗೆ ಹೋಗ್ಲಿಕ್ಕಾಗದೆ ಸತ್ತವರ ಸುದ್ದಿ ದಿನಾ ಪೇಪರಲ್ಲಿ, ವಿಷಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯ್ತು. ಪಕ್ಕದ ಮನೆಯ ಅಜ್ಜಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರ ಮಗ ಬೈಕಲ್ಲಿ ಆ ಮಣ್ಣಿನ ರಾಶಿಯವರೆಗೆ ಹೋಗಿ ನೋಡಿ ಬಂದ, ಅಂಗಳದಲ್ಲಿ ಬೈಕ್ ನಿಲ್ಲಿಸಿ ತುಂಬ ಹೊತ್ತು ಒಳಗೆ ಹೋಗ್ಲೇ ಇಲ್ಲ, ಚಪ್ಪಲಿಗೆ ಅಂಟಿದ ಕೆಂಪು ಮಣ್ಣನ್ನು ಮೆಟ್ಲಿಗೆ ಉಜ್ಜುತ್ತಾ ನಿಂತಿದ್ದ.

ಗಂಡಿ ಮುಚ್ಚುವ ಅಧ್ಯಾಯ ಬರೆಯುವವರು ಯುದ್ಧದ ಕಹಳೆ ಎಲ್ಲ ಹಾಕ್ಬೇಡಿ ಅಂತ ನಾನು ಹೇಳಿದ್ದು ಆ ದಿನ ನೋಡಿದ ಮೇಲೆ.

ಪ್ರ: ನಾನೂ ಕೂವೆಮಲೆಯ ಕಥೆ ಬರೀಬಹುದಾ? ಒರಿಜಿನಲ್ ಮ್ಯಾಪ್ ಎಲ್ಲಿ ಸಿಗ್ತದೆ?

ಬರೀರಿ, ಯಾರನ್ನೂ ಕೇಳ್ಬೇಕಾಗಿಲ್ಲ, ಚಿನ್ನ ಮತ್ತು ರೈಲು ಬಿಟ್ಟು. ಮ್ಯಾಪ್ ನಮ್ಮ ಮನೆಯ ಅಟ್ಟದಲ್ಲಿ ಉಂಟು, ಫೋಟೋ ಕೇಳಿದವರಿಗೆ ಕಳಿಸ್ತೇನೆ. ಆದ್ರೆ ಹೋದ ಮಳೆಗಾಲದಲ್ಲಿ ಮೂಡು ಭಾಗವನ್ನು ಒರಲೆ ತಿಂದು ಹಾಕಿದೆ, ಮೂಡುಹೊಳೆ ಎರಡನೇ ತಿರುವಿನವರೆಗೆ ಕಾಣ್ತದೆ, ಅಲ್ಲಿಂದ ಮುಂದೆ ತೂತು. ಅದರ ಆಚೆ ಎಂತ ಇತ್ತು ಅಂತ ನನಗೂ ಸರಿಯಾಗಿ ನೆನಪಿಲ್ಲ, ಆ ಶರಬತ್ತು ಚೆಲ್ಲಿದವಳನ್ನು ಕೇಳಿ, ಅವಳಿಗೆ ಎಲ್ಲ ನೆನಪುಂಟು.